ಕೆಂಪು ಕಿಟಕಿಯಲ್ಲಿ ಬಿದ್ದ ಬೆಳಕು

ಕಳ್ಳ ಟೆಲಿಸ್ಕೋಪಿಗೆ ಮುಚ್ಚಳ ಹಾಕಿ, ಮೇಲೆ ಹೊದಿಕೆಯನ್ನೂ ಹೊದಿಸಿ ಹೋಗಿದ್ದ.

ಹಾಗಾಗಿ ಭಾನುವಾರ ಬೆಳಿಗ್ಗೆ ಗೋಪೀನಾಥ ತಾರಸಿಗೆ ಬಂದಾಗ ಎಲ್ಲವೂ ಸರಿಯಾಗಿಯೇ ಕಂಡಿತು. ಹೊದಿಕೆ ಎತ್ತಿದರು. ಟೆಲಿಸ್ಕೋಪಿನ ಹಿಂಬದಿ ಬೋಳಾಗಿತ್ತು. ಕ್ಯಾಮೆರಾ ಇಲ್ಲ. ಕ್ಯಾಮೆರಾದ ಮುಂದೆ ಕೂರುತ್ತಿದ್ದ ಫಿಲ್ಟರ್ ಇಲ್ಲ. ಕೆಳಗಿನ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದ ಹಾರ್ಡ್ ಡಿಸ್ಕೂ ಇಲ್ಲ.

ಅವರು ಕೂಗಲಿಲ್ಲ. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಕಾಫಿ ಆರುತ್ತಿದೆ ಎಂದು ಕರೆಯಲು ಬಂದ ಹೆಂಡತಿ ಇಂದ್ರಮ್ಮ ಕೂಗಿದರು. ಆ ಕೂಗಿಗೆ ಕೆಳಮನೆಯಿಂದ ಮಾಲೀಕ ಮುನಿರಾಮಯ್ಯ ಓಡಿ ಬಂದರು. ಬಂದವರು ಟೆಲಿಸ್ಕೋಪಿನ ಕಡೆ ನೋಡಲೇ ಇಲ್ಲ. ತಾರಸಿಯ ಮೂಲೆಯಲ್ಲಿದ್ದ ಶೀಟಿನ ಕೋಣೆಗೆ ನೇರವಾಗಿ ಹೋಗಿ ಬಾಗಿಲು ಬಡಿದರು.

"ಬಾಡಿಗೆ ಆಸೆಗೆ ಯಾರ್‍ಯಾರಿಗೋ ರೂಮ್ ಕೊಟ್ಟೆ ನೋಡಿ, ನನ್ನ ಬುದ್ಧಿಗಿಷ್ಟು! ಏಯ್, ತೆಗಿಯೋ ಬಾಗ್ಲು!"

ಕಣ್ಣುಜ್ಜುತ್ತ ಹೊರಬಂದವನು ರೇವಣಸಿದ್ದ. ಕುಷ್ಟಗಿ ಕಡೆಯವನು. ಬಸವೇಶ್ವರನಗರ, ರಾಜಾಜಿನಗರದ ಬೀದಿಗಳಲ್ಲಿ ಊಟದ ಪೊಟ್ಟಣ ಹೊತ್ತು ತಿರುಗುವ ಡೆಲಿವರಿ ಕೆಲಸ ಅವನದು. ಬೋಳಾದ ಟೆಲಿಸ್ಕೋಪನ್ನು ನೋಡಿದ. ಮುನಿರಾಮಯ್ಯನ ಮುಖ ನೋಡಿದ. ಅವನ ನಿದ್ದೆ ಪೂರ್ತಿ ಇಳಿಯಿತು.

* * *

ಸಬ್ ಇನ್ಸ್‌ಪೆಕ್ಟರ್ ಬಸವರಾಜೇಶ್ವರಿಯನ್ನು ಠಾಣೆಯಲ್ಲಿ ಎಲ್ಲರೂ ರಾಜೇಶ್ವರಿ ಮೇಡಂ ಎನ್ನುತ್ತಿದ್ದರು. ಆಕೆಗೊಂದು ಅಭ್ಯಾಸ. ಮನೆಗೆ ಬೀಗ ಹಾಕಿದ ಮೇಲೆ ಬೀಗದ ಫೋಟೊ ತೆಗೆದುಕೊಳ್ಳುವುದು. ಇಲ್ಲದಿದ್ದರೆ ಎರಡು ಸಿಗ್ನಲ್ ದಾಟುವುದರೊಳಗೆ ಹಾಕಿದೆನೋ ಇಲ್ಲವೋ ಎಂಬ ಕಳವಳ ಶುರುವಾಗುತ್ತಿತ್ತು. ಠಾಣೆಯವರು ಬೆನ್ನ ಹಿಂದೆ ನಗುತ್ತಿದ್ದರು. ಆಕೆಗೆ ಗೊತ್ತಿತ್ತು. ನಗಲಿ ಎಂದು ಬಿಟ್ಟಿದ್ದಳು.

ಹೆಡ್ ಕಾನ್‌ಸ್ಟೆಬಲ್ ಮಡಿವಾಳಪ್ಪ ಟೆಲಿಸ್ಕೋಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನ್ ಸಾರ್ ಇದು?"

"ಆಕಾಶದ ಫೋಟೊ ತೆಗಿಯೋದು," ಎಂದರು ಗೋಪೀನಾಥ.

"ಹಂಗಾದ್ರೆ ಕಳ್ಳನೂ ಬಿದ್ದಿರ್ಬೇಕಲ್ಲ ಫೋಟೊದಲ್ಲಿ!"

"ಇಲ್ಲಪ್ಪ. ಅದು ಮೇಲೆ ನೋಡ್ತಿತ್ತು."

"ಇದಕ್ಕಿಂತ ನಮ್ಮ ಬೇಕರಿಯೋನ ಸಿಸಿಟಿವಿ ವಾಸಿ."

ರಾಜೇಶ್ವರಿ ಮುಚ್ಚಳವನ್ನೇ ನೋಡುತ್ತಿದ್ದಳು. "ಕಳ್ಳ ಬಂದ. ಕ್ಯಾಮೆರಾ ಬಿಚ್ಚಿದ. ಓಡಿಹೋಗೋದು ಬಿಟ್ಟು ಮುಚ್ಚಳ ಯಾಕೆ ಹಾಕಿದ?"

"ಧೂಳು, ಇಬ್ಬನಿ ಬೀಳಬಾರದು ಅಂತ," ಎಂದರು ಗೋಪೀನಾಥ. ಹೇಳಿದ ಮೇಲೆ ತಾವೇ ಗೊಂದಲಕ್ಕೆ ಬಿದ್ದರು.

"ದಿನಾ ಯಾರು ಹಾಕೋದು?"

ಗೋಪೀನಾಥ ಹೊದಿಕೆ ಮಡಿಸತೊಡಗಿದರು. ಇಂದ್ರಮ್ಮ ಹೇಳಿದರು. "ಈ ವಾರದಿಂದ ರೇವಣಸಿದ್ದನೇ ಹಾಕ್ತಾನೆ ಮೇಡಂ. ಇವರಿಗೆ ಗ್ಲಾಕೋಮಾ. ಒಂದು ಕಣ್ಣು ಹೆಚ್ಚುಕಮ್ಮಿ ಹೋಗಿದೆ, ಇನ್ನೊಂದೂ ಸುತ್ತಲಿಂದ ಕತ್ತಲಾಗ್ತಾ ಬರ್ತಿದೆ. ರಾತ್ರಿ ಮೆಟ್ಟಿಲು ಹತ್ತಬೇಡಿ ಅಂತ ನಾನು ಜಗಳ ಮಾಡಿದ್ದೆ. ಹುಡುಗ ಕೆಲಸ ಮುಗಿಸಿ ಬಂದವನೇ ಮೊಬೈಲ್ ಟಾರ್ಚ್ ಹಚ್ಕೊಂಡು ಮುಚ್ಚಳ ಹಾಕಿ, ಹೊದಿಸಿ ಮಲಗ್ತಾನೆ."

"ಮುಗೀತಲ್ಲ ಮೇಡಂ," ಎಂದ ಮಡಿವಾಳಪ್ಪ. "ಕದ್ದ ಮೇಲೂ ಕೈ ಅಭ್ಯಾಸ ಬಿಟ್ಟಿಲ್ಲ."

ರಾಜೇಶ್ವರಿ ಉಳಿದದ್ದನ್ನು ಕೇಳಿ ತಿಳಿದಳು. ನಿನ್ನೆ ಸಂಜೆ ಗಂಡ ಹೆಂಡತಿ ವಿಜಯನಗರದ ಕಲ್ಯಾಣ ಮಂಟಪಕ್ಕೆ ಆರತಕ್ಷತೆಗೆ ಹೋಗಿದ್ದರು. ಟೆಲಿಸ್ಕೋಪು ಬ್ಯಾಟರಿಯ ಮೇಲೆ ತಾನೇ ಓಡುವಂತೆ ಹೊಂದಿಸಿ ಹೋಗಿದ್ದರು. ಅವರು ಹೊರಟ ಸ್ವಲ್ಪ ಹೊತ್ತಿಗೆ ಇಡೀ ಬೀದಿಗೆ ಕರೆಂಟ್ ಹೋಯಿತು. ಮುನಿರಾಮಯ್ಯ ಸೊಳ್ಳೆಗೆ ಹೆದರಿ ಬಾಗಿಲು ಹಾಕಿಕೊಂಡು, ಟಾರ್ಚ್ ಹಚ್ಚಿಟ್ಟು ಕೂತಿದ್ದರು. ಹಿಂದಿನ ಮೆಟ್ಟಿಲಿನಿಂದ ಯಾರು ಹತ್ತಿದರೂ ಅವರಿಗೆ ಕಾಣುವಂತಿರಲಿಲ್ಲ.

"ತಾರಸಿ ಬಾಗಿಲ ಕೀಲಿ ಯಾರ್‍ಯಾರ ಹತ್ರ ಇದೆ?"

"ನನ್ ಹತ್ರ, ಇವರ ಹತ್ರ, ಆ ಹುಡುಗನ ಹತ್ರ," ಎಂದರು ಮುನಿರಾಮಯ್ಯ.

"ಮಧು ಹತ್ರಾನೂ ಒಂದಿದೆ," ಎಂದರು ಇಂದ್ರಮ್ಮ. "ಕೆಂಗೇರಿಯವನು. ಇವರ ಸ್ನೇಹಿತ, ಅವನಿಗೂ ಇದೇ ಹುಚ್ಚು. ಅವನು ಹೊರಗಿನವನಲ್ಲ ಬಿಡಿ. ನಿನ್ನೆ ಆರತಕ್ಷತೆಗೂ ಬಂದಿದ್ದ."

ತಾರಸಿಯ ಕಂಬದ ಮೇಲೆ ದೊಡ್ಡ ಎಲ್‌ಇಡಿ ದೀಪವಿತ್ತು. ರಾಜೇಶ್ವರಿ ಅದರತ್ತ ಬೆರಳು ತೋರಿಸಿದಳು. ಗೋಪೀನಾಥ ಮುಖ ತಿರುಗಿಸಿದರು. ಮುನಿರಾಮಯ್ಯನ ದನಿ ಏರಿತು.

"ಪಂಪ್‌ಸೆಟ್ ಕಳುವಾದ ಮೇಲೆ ಹಾಕ್ಸಿದ್ದು. ನನ್ ಮನೆ, ನನ್ ಲೈಟು. ಇವ್ರಿಗೆ ಆಕಾಶ ಬೆಳಗಾಯ್ತು ಅಂತ ಕೋಪ. ನಿಮ್ಮ ಈ ತೋಪು ತೆಗೀರಿ, ಇಲ್ಲಾ ನಾನೇ ತೆಗೀತೀನಿ ಅಂದಿದ್ದೆ. ಬಾಯಲ್ಲಿ ಅಂದಿದ್ದು. ಕೈಯಲ್ಲಿ ಮುಟ್ಟಿಲ್ಲ."

"ಹುಡುಗನ ಬೈಕ್ ಎಲ್ಲಿತ್ತು?"

"ಸಂಜೆಯಿಂದ ಇರ್ಲಿಲ್ಲ. ಊಟ ಆಗಿ ಎಷ್ಟೋ ಹೊತ್ತಿಗೆ ಬಂತು."

ರೇವಣಸಿದ್ದ ಗೋಡೆಗೊರಗಿ ನಿಂತಿದ್ದ. "ಇಲ್ರೀ ಮೇಡಂ. ಮೈ ಸರಿ ಇರಲಿಲ್ರಿ. ಸಂಜಿಯಿಂದ ರೂಮಿನ್ಯಾಗ ಮಲ್ಕೊಂಡಿದ್ನಿ."

ಅವನು ಸುಳ್ಳು ಹೇಳುತ್ತಿದ್ದ. ರಾಜೇಶ್ವರಿಗೆ ಅಷ್ಟು ಖಚಿತವಾಯಿತು.

* * *

ಠಾಣೆಯ ಹಿಂದಿನ ಕೋಣೆಯಲ್ಲಿ ಆಕೆ ಅವನೆದುರು ಕೂತಳು. ಮಡಿವಾಳಪ್ಪನನ್ನು ಚಹಾಕ್ಕೆ ಕಳಿಸಿದಳು. ಆಮೇಲೆ ತನ್ನೂರಿನ ಮಾತಿಗೆ ತಿರುಗಿದಳು.

"ಖರೇ ಹೇಳ್ಪಾ. ಎಲ್ಲಿದ್ದಿ?"

ಅವನು ತಲೆಯೆತ್ತಿದ. "ನೀವು ನಮ್ಮ ಕಡೆಯವ್ರೇನ್ರಿ?"

"ಗಂಗಾವತಿ. ಮಾತ ತಪ್ಪಿಸಬ್ಯಾಡ."

"ಹೇಳಿದ್ರ ಇನ್ನೊಬ್ಬನ ಹೊಟ್ಟಿ ಮ್ಯಾಲೆ ಹೊಡದಂಗ ಆಕ್ಕೈತ್ರಿ." ಬಾಗಿಲ ಕಡೆ ಒಮ್ಮೆ ನೋಡಿದ. "ಯಾರೋ ಕಂಪ್ಲೇಂಟ್ ಕೊಟ್ಟು ನನ್ನ ಡೆಲಿವರಿ ಐಡಿ ಬಂದ್ ಆಗೇತ್ರಿ. ಶಿವಯೋಗಿ ಅಂತ ನಮ್ಮೂರಾಂವ. ಹಗಲ ಅಂವ ಓಡಸ್ತಾನ, ಸಂಜಿಮುಂದ ಅವನ ಐಡಿ ಮ್ಯಾಲೆ ನಾ ಓಡಸ್ತೀನಿ. ಕಂಪನಿಗೆ ಗೊತ್ತಾದ್ರ ಇಬ್ಬರದೂ ಹೋಗ್ತದ. ನಿನ್ನೆ ಬ್ಯಾಡರಹಳ್ಳಿತನಾ ಹೋಗಿದ್ನಿ."

"ವಾಪಸ್ ಬಂದಾಗ ಟೆಲಿಸ್ಕೋಪು?"

"ಆಗ್ಲೇ ಹೊದಿಸಿತ್ರಿ. ಸರ್ ಹೊದಿಸ್ಯಾರ ಅಂತ ತಿಳಕೊಂಡು ಮಲಗಿದ್ನಿ. ಲೈಟ್ ಸಹಿತ ಹಚ್ಚಲಿಲ್ಲ."

ಆಕೆ ನಂಬಿದಳು. ನಂಬಿ ಏನು ಪ್ರಯೋಜನ? ಆರ್ಡರುಗಳೆಲ್ಲ ಶಿವಯೋಗಿಯ ಹೆಸರಿನಲ್ಲಿದ್ದವು. ಅದನ್ನು ಹೊರಗೆ ತೆಗೆದರೆ ಇಬ್ಬರ ಅನ್ನ ಹೋಗುತ್ತದೆ. ತೆಗೆಯದಿದ್ದರೆ ಇವನೊಬ್ಬನೇ ಸಿಕ್ಕಿಬೀಳುತ್ತಾನೆ.

ಇನ್ಸ್‌ಪೆಕ್ಟರ್ ಫೋನ್ ಮಾಡಿದರು. "ಸಂಜೆ ಬರ್ತೀನಿ. ಅಷ್ಟರಲ್ಲಿ ಎಫ್‌ಐಆರ್ ರೆಡಿ ಇರ್ಲಿ. ಹುಡುಗನ ಹೆಸರು ಬರೀರಿ. ಇದಕ್ಕೇನು ದೊಡ್ಡ ತನಿಖೆ?"

ಹೆಸರು ಒಮ್ಮೆ ಕಾಗದಕ್ಕೆ ಬಿದ್ದರೆ ಮುಗಿಯಿತು. ಯಾವ ಕಂಪನಿಯೂ ಇವನನ್ನು ತೆಗೆದುಕೊಳ್ಳುವುದಿಲ್ಲ, ಯಾರೂ ರೂಮು ಕೊಡುವುದಿಲ್ಲ. ಆಮೇಲೆ ಕೋರ್ಟು ಬಿಟ್ಟರೂ ಊರು ಬಿಡುವುದಿಲ್ಲ. ರಾಜೇಶ್ವರಿ ಜೀಪಿನ ಕೀಲಿ ಎತ್ತಿಕೊಂಡಳು.

* * *

"ಡಿಸ್ಕ್ ಯಾಕೆ ತಗೊಂಡು ಹೋದ?" ಎಂದು ಆಕೆ ಗೋಪೀನಾಥರನ್ನು ಕೇಳಿದಳು. "ಕ್ಯಾಮೆರಾ ಮಾರಬಹುದು. ಹಳೇ ಡಿಸ್ಕ್ ಯಾರಿಗೆ ಬೇಕು? ಅದರಲ್ಲೇನಿತ್ತು?"

"ಎರಡು ಚಳಿಗಾಲ," ಎಂದರು ಅವರು.

ಅವರು ತೆಗೆಯುತ್ತಿದ್ದುದು ಒಂದೇ ಚಿತ್ರ. ಗುಲಾಬಿಯಂತೆ ಅರಳಿರುವ ಒಂದು ನೀಹಾರಿಕೆ. ಹೊರಗಿನ ದಳಗಳಲ್ಲಿ ಹೈಡ್ರೋಜನ್ನಿನ ಕೆಂಪು, ನಡುವೆ ಆಕ್ಸಿಜನ್ನಿನ ನೀಲಿ. ಬರಿಗಣ್ಣಿಗೆ ಏನೂ ಕಾಣದು. ರಾತ್ರಿ ರಾತ್ರಿಯ ಬೆಳಕನ್ನು ಕೂಡಿಸುತ್ತ ಹೋಗಬೇಕು.

"ಇವತ್ತು ಮಧು ಬಂದು ಎಲ್ಲ ಸೇರಿಸಿ ಚಿತ್ರ ಮಾಡ್ಬೇಕಿತ್ತು. ಕಂಪ್ಯೂಟರ್ ಕೆಲಸ ಎಲ್ಲ ಅವನದೇ. ಹೋದ ಹುಣ್ಣಿಮೆ ಹೊತ್ತಿಗೆ ಡಿಸ್ಕ್ ತುಂಬಿತ್ತು, ಅದರಲ್ಲೂ ಅವನೇ ಜಾಗ ಮಾಡ್ಕೊಟ್ಟ. ಕೆಂಪು ನೋಡಿದ್ದೀನಿ ಮೇಡಂ. ನೀಲಿ ತೀರಾ ಮಂದ, ಎಲ್ಲ ಸೇರಿಸಿದ ಮೇಲೇ ಕಾಣೋದು. ಅದನ್ನ ಇನ್ನೂ ನೋಡಿಲ್ಲ. ಬರೋ ಚಳಿಗಾಲಕ್ಕೆ ಈ ಕಣ್ಣು ಎಷ್ಟು ಉಳಿದಿರುತ್ತೋ."

ರಾಜೇಶ್ವರಿ ಅವರ ಮೇಜಿನ ಕಡೆ ನೋಡಿದಳು. ಹಳೆಯ ಲ್ಯಾಪ್‌ಟಾಪ್ ಒಂದಿತ್ತು. "ಇದು?"

"ಅದರಲ್ಲಿ ಈ ವಾರದ್ದು ಮಾತ್ರ ಇದೆ. ಹುಣ್ಣಿಮೆ ಕಳೀತು, ಮೋಡ ಬಂತು, ಈ ವಾರವಷ್ಟೇ ಮತ್ತೆ ಶುರು ಮಾಡಿದ್ದು. ಮೇಲೆ ಹತ್ತೋದು ಬೇಡ ಅಂತ ಮೊದಲಿಂದಲೂ ಇವಳ ಜಗಳ. ಅದಕ್ಕೇ ಈ ವಾರ ಶುರು ಮಾಡುವಾಗಲೇ ಒಂದೊಂದು ಫೋಟೊ ಮುಗಿದ ಹಾಗೂ ಒಂದು ಪ್ರತಿ ವೈಫೈನಲ್ಲಿ ಕೆಳಗೆ ಬರೋ ಹಾಗೆ ಮಾಡಿದ್ದೆ. ವಾರದ್ದರಲ್ಲಿ ಏನು ಕಂಡೀತು?"

"ನಿನ್ನೆಯದೂ ಬಂದಿದೆಯಾ? ಕರೆಂಟ್ ಇರಲಿಲ್ಲವಲ್ಲ."

"ವೈಫೈಗೆ ಯುಪಿಎಸ್ ಇದೆ."

"ಈ ಪ್ರತಿ ವಿಷಯ ಮಧುಗೆ ಗೊತ್ತಾ?"

"ಇಲ್ಲ. ಹೇಳೋದು ಮರೆತೇ ಹೋಯ್ತು."

ಪರದೆಯ ಮೇಲೆ ನಿನ್ನೆಯ ಕೊನೆಯ ಮೂರು ಫೋಟೊ ಬಂದವು. ಮೊದಲನೆಯದರಲ್ಲಿ ನಕ್ಷತ್ರಗಳು. ಎರಡನೆಯದರಲ್ಲಿ ನಕ್ಷತ್ರಗಳ ಮೇಲೆ ಯಾರೋ ಕುಂಕುಮದ ನೀರು ಚೆಲ್ಲಿದಂತೆ ಕೆಂಪು. ಮೂರನೆಯದು ಪೂರ್ತಿ ಕಪ್ಪು.

"ಮೂರನೇದು ಮುಚ್ಚಳ ಹಾಕಿದ ಮೇಲಿನದು," ಎಂದರು ಗೋಪೀನಾಥ. "ಎರಡನೇದು ಹಾಳಾಗಿದೆ. ಯಾರೋ ಬೆಳಕು ಬಿಟ್ಟಿದ್ದಾರೆ. ಮುಚ್ಚಳ ಹಾಕೋಕೆ ಬಗ್ಗಿದಾಗ ಹೀಗಾಗುತ್ತೆ. ಇಂಥದ್ದನ್ನ ನಾನು ಅಳಿಸಿಬಿಡ್ತೀನಿ."

"ಬೇರೆ ರಾತ್ರಿಗಳ ಹಾಳಾದ ಫೋಟೊ ಇದೆಯಾ?"

"ಅಳಿಸೋಕೆ ಇನ್ನೂ ಪುರುಸೊತ್ತಾಗಿಲ್ಲ. ಇದೆ."

ಅವರು ಒಂದೊಂದಾಗಿ ತೆರೆದರು. ಶುಕ್ರವಾರದ ಕೊನೆಯ ಫೋಟೊ ಪೂರ್ತಿ ಬಿಳಿಚಿಕೊಂಡಿತ್ತು, ಅದರಲ್ಲಿ ಹಸಿರು-ನೀಲಿಯ ಛಾಯೆ. ಗುರುವಾರದ್ದೂ ಹಾಗೇ. ಬುಧವಾರ, ಮಂಗಳವಾರದ್ದೂ ಹಾಗೇ. ಸೋಮವಾರದ್ದು ಮಾತ್ರ ಕೆಂಪು.

"ಸೋಮವಾರ ಮುಚ್ಚಳ ಹಾಕಿದ್ದು?"

"ನಾನು. ಅವತ್ತು ರಾತ್ರಿಯೇ ಮೆಟ್ಟಿಲಲ್ಲಿ ಎಡವಿದ್ದು. ಮಾರನೇ ದಿನದಿಂದ ಹುಡುಗ."

ರಾಜೇಶ್ವರಿ ಕುರ್ಚಿ ಹತ್ತಿರ ಎಳೆದುಕೊಂಡಳು. "ಸಾರ್, ಆ ಫಿಲ್ಟರ್ ಏನು ಮಾಡುತ್ತೆ, ನನಗೆ ಅರ್ಥ ಆಗೋ ಹಾಗೆ ಹೇಳಿ."

ಕಳ್ಳತನವಾದ ಮೇಲೆ ಮೊದಲ ಸಲ ಗೋಪೀನಾಥರ ಮುಖದಲ್ಲಿ ಕಳೆ ಬಂತು. "ಇದು ಬಣ್ಣದ ಕ್ಯಾಮೆರಾ. ಒಳಗೆ ಲಕ್ಷಾಂತರ ಪುಟ್ಟ ಕಿಟಕಿಗಳಿವೆ ಅಂದ್ಕೊಳ್ಳಿ. ಪ್ರತಿ ನಾಲ್ಕರಲ್ಲಿ ಒಂದಕ್ಕೆ ಕೆಂಪು ಗಾಜು, ಎರಡಕ್ಕೆ ಹಸಿರು, ಒಂದಕ್ಕೆ ನೀಲಿ. ಫಿಲ್ಟರ್ ಅಂದ್ರೆ ಮುಂಬಾಗಿಲಲ್ಲಿ ಕೂತ ಕಾವಲುಗಾರ. ಎರಡೇ ಎರಡು ಬಣ್ಣ ಒಳಗೆ ಬಿಡ್ತಾನೆ. ಹೈಡ್ರೋಜನ್ನಿನ ಕೆಂಪು, ಆಕ್ಸಿಜನ್ನಿನ ನೀಲಿ-ಹಸಿರು. ಬೀದಿದೀಪ, ಮುನಿರಾಮಯ್ಯನವರ ದೀಪ, ಎಲ್ಲದರ ಮುಕ್ಕಾಲು ಪಾಲು ಹೊರಗೇ. ಒಳಗೆ ಬಂದ ಹೈಡ್ರೋಜನ್ ಕೆಂಪು ಕಿಟಕಿಯಲ್ಲಿ ಬೀಳುತ್ತೆ. ಆಕ್ಸಿಜನ್ ಹಸಿರು, ನೀಲಿ ಕಿಟಕಿಗಳಲ್ಲಿ ಬೀಳುತ್ತೆ. ಅದಕ್ಕೇ ಬೆಂಗಳೂರಿನ ಮಧ್ಯೆಯೂ ಈ ಹೂವು ಸಿಗೋದು."

"ಹುಡುಗನ ಮೊಬೈಲ್ ಟಾರ್ಚ್?"

"ಬಿಳೀ ಬೆಳಕಲ್ಲಿ ಎಲ್ಲ ಬಣ್ಣವೂ ಇರುತ್ತೆ. ಎರಡೂ ಒಳಗೆ ಬರುತ್ತೆ. ನಾಲ್ಕೂ ಕಿಟಕಿ ತುಂಬುತ್ತೆ."

"ನಿಮ್ಮ ದೀಪ?"

"ತಲೆಗೆ ಕಟ್ಟೋ ಕೆಂಪು ದೀಪ. ಬಿಳೀ ಬೆಳಕು ಬಿದ್ರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಹಾಳಾಗುತ್ತೆ ಅಂತ ನಾವೆಲ್ಲ ಕೆಂಪೇ ಬಳಸೋದು. ಅದು ಕೆಂಪು ಕಿಟಕಿಗಷ್ಟೇ..."

ಅವರು ಮತ್ತೆ ಪರದೆಯ ಕಡೆ ತಿರುಗಿದರು.

"ನಿಮ್ಮ ದೀಪ ನಿನ್ನೆ ಎಲ್ಲಿತ್ತು?"

"ಮನೆಯೊಳಗೆ. ಬೀಗ ಹಾಕಿತ್ತು."

ಬಾಗಿಲಲ್ಲಿ ನಿಂತಿದ್ದ ಮಡಿವಾಳಪ್ಪ ಗಂಟಲು ಸರಿಪಡಿಸಿಕೊಂಡ. "ಮೇಡಂ, ಯಾವ್ದಾದ್ರೂ ಆಟೋದ ಬ್ರೇಕ್ ಲೈಟ್ ಬಿದ್ದಿರ್ಬಹುದಲ್ಲ?"

"ತಾರಸಿ ಮೇಲೆ ಆಟೋ ಬಂದಿತ್ತೇನ್ರೀ?"

ಗೋಪೀನಾಥರ ಕೈ ಮೌಸಿನ ಮೇಲೆ ಹಾಗೇ ಉಳಿದಿತ್ತು. ಅವರು ಇನ್ನು ಯಾವ ಹೆಸರನ್ನೂ ಹೇಳಲಿಲ್ಲ. ರಾಜೇಶ್ವರಿಯೂ ಕೇಳಲಿಲ್ಲ.

* * *

ಕೆಂಗೇರಿ ಉಪನಗರದ ಮುಖ್ಯರಸ್ತೆಯಲ್ಲಿ ಮಧುಕುಮಾರನ ಫೋಟೊ ಸ್ಟುಡಿಯೋ. ಹೊರಗೆ ಪಾಸ್‌ಪೋರ್ಟ್ ಅಳತೆಯ ಮುಖಗಳು. ಒಳಗೆ ಗೋಡೆಯ ತುಂಬ ನೀಹಾರಿಕೆಗಳು. ನಲವತ್ತರ ಆಸುಪಾಸಿನ ಸಣಕಲು ಮನುಷ್ಯ, ರಾತ್ರಿ ನಿದ್ದೆ ಮಾಡಿದವನ ಹಾಗಿರಲಿಲ್ಲ.

"ಬೆಳಿಗ್ಗೆ ಇಂದ್ರಕ್ಕ ಫೋನ್ ಮಾಡಿದ್ರು ಮೇಡಂ. ಸಾರ್ ಹೇಗಿದಾರೆ? ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡ್ರಂತಾ? ಟೆನ್ಷನ್ ಆದ್ರೆ ಮರೀತಾರೆ."

"ನೀವು ನಿನ್ನೆ ಆರತಕ್ಷತೆಗೆ ಹೋಗಿದ್ರಿ."

"ಹೋಗಿದ್ದೆ. ಇಲ್ಲಿ ಕೆಲಸ ಇತ್ತು, ತಡ ಆಯ್ತು. ಕೊನೇ ಪಂಕ್ತಿಯಲ್ಲಿ ಕೂತೆ."

ರಾಜೇಶ್ವರಿ ಗೋಡೆ ನೋಡುತ್ತಿದ್ದಳು. "ನಿಮ್ಮ ಚಿತ್ರಗಳೆಲ್ಲ ಬರೀ ಕೆಂಪೇ ಇವೆಯಲ್ಲ."

ಅವನು ಸ್ವಲ್ಪ ಸಡಿಲಾದ. "ನನ್ನದು ಹೈಡ್ರೋಜನ್ ಫಿಲ್ಟರ್ ಮೇಡಂ. ಒಂದೇ ಬಣ್ಣ ಬಿಡುತ್ತೆ. ನಂದೂ ಬಣ್ಣದ ಕ್ಯಾಮೆರಾನೇ. ಅದರಲ್ಲಿ ಈ ಫಿಲ್ಟರ್ ಹಾಕಿದ್ರೆ ನಾಲ್ಕರಲ್ಲಿ ಒಂದು ಭಾಗಕ್ಕೆ ಮಾತ್ರ ಕೆಲಸ. ಹಸಿರು, ನೀಲಿ ಸುಮ್ನೆ ಕಸ."

"ಆ ಕಸ ಏನು ಮಾಡ್ತೀರಿ?"

"ಅದಕ್ಕೊಂದು ಪ್ರೋಗ್ರಾಂ ಬರೆದಿಟ್ಟಿದ್ದೀನಿ. ಕೆಂಪು ಎತ್ತಿಟ್ಕೊಂಡು ಮಿಕ್ಕಿದ್ದು ಅಳಿಸುತ್ತೆ. ಡಿಸ್ಕಲ್ಲಿ ಎಷ್ಟೋ ಜಾಗ..."

ರಾಜೇಶ್ವರಿ ಅವನನ್ನು ನೋಡಲಿಲ್ಲ. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದ ತಲೆದೀಪವನ್ನು ನೋಡುತ್ತಿದ್ದಳು. ಅದರ ಗಾಜು ಕೆಂಪಾಗಿತ್ತು.

"ಕಳ್ಳ ಸಿಕ್ಕಿದ," ಎಂದಳು.

"ಸಿಕ್ಕಿದ್ನಾ? ಯಾರು?"

"ರೇವಣಸಿದ್ದ."

"ಅವನಾ? ಅವನೇನು ಮಾಡಿದಾನೆ? ಅವ್ನು ಪಾಪ..."

"ಮುಚ್ಚಳ ಹಾಕೋದು ಅವನ ಕೆಲಸ. ಕೀಲಿ ಇದೆ. ಎಲ್ಲಿದ್ದೆ ಅಂದ್ರೆ ಸುಳ್ಳು ಹೇಳಿದ. ಇವತ್ತು ಸಂಜೆ ಎಫ್‌ಐಆರ್ ಆಗುತ್ತೆ."

ಮಧುಕುಮಾರ್ ಕುರ್ಚಿಯ ಬೆನ್ನು ಹಿಡಿದುಕೊಂಡ. ಹೊರಗೆ ಯಾರೋ ಆಧಾರ್ ಜೆರಾಕ್ಸಿಗೆ ಕೂಗಿದರು. ಅವನಿಗೆ ಕೇಳಿಸಲಿಲ್ಲ.

"ನಾನು ಗೋಪೀನಾಥ ಅವರ ಮನೆಗೆ ಹೋಗ್ತಾ ಇದ್ದೀನಿ," ಎಂದಳು ರಾಜೇಶ್ವರಿ. "ನೀವೂ ಬನ್ನಿ. ಇಂಥ ಹೊತ್ತಲ್ಲಿ ಸ್ನೇಹಿತರು ಜೊತೆಗಿರಬೇಕು. ಆ ದೀಪಾನೂ ತಗೊಳ್ಳಿ." ಬಾಗಿಲಲ್ಲಿ ತಿರುಗಿ ನಿಂತಳು. "ಇನ್ನೇನಾದ್ರೂ ತರೋದಿದ್ರೆ ಅದನ್ನೂ."

ಅವನು ಒಳಕೋಣೆಗೆ ಹೋದ. ಬರುವಾಗ ಕೈಯಲ್ಲಿ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ ಇತ್ತು. ತೇವ ಹೀರುವ ಸಣ್ಣ ಪೊಟ್ಟಣಗಳ ನಡುವೆ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಕ್ಯಾಮೆರಾ, ಫಿಲ್ಟರ್, ಹಾರ್ಡ್ ಡಿಸ್ಕ್ ಇದ್ದವು.

* * *

ಗೋಪೀನಾಥರ ನಡುಮನೆಯಲ್ಲಿ ಡಬ್ಬಿ ಟೀಪಾಯಿಯ ಮೇಲಿತ್ತು. ಇಂದ್ರಮ್ಮ ಅದನ್ನೇ ನೋಡುತ್ತಿದ್ದರು. ಮುನಿರಾಮಯ್ಯ ಯಾರೂ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತಿದ್ದರು.

"ಮಾಮೂಲಿ ಕಳ್ಳ ಆಗಿದ್ರೆ ಭಾರದ ಸಾಮಾನು ಬಿಟ್ಟು ಕ್ಯಾಮೆರಾ ಒಯ್ದಾನು," ಎಂದಳು ರಾಜೇಶ್ವರಿ. "ಡಿಸ್ಕ್ ಒಯ್ಯಲ್ಲ. ಮುಚ್ಚಳ ಹಾಕಲ್ಲ. ಹಾಗಾಗಿ ಬಂದವರಿಗೆ ಟೆಲಿಸ್ಕೋಪಿನ ಮೇಲೆ ಕಾಳಜಿ ಇತ್ತು. ಅದು ರೇವಣಸಿದ್ದನಿಗೂ ಇದೆ. ಆದ್ರೆ ಅವನು ಮುಚ್ಚಳ ಹಾಕಿದ ರಾತ್ರಿಯೆಲ್ಲ ಫೋಟೊ ಬಿಳಿಚಿಕೊಂಡಿದೆ. ಮುನಿರಾಮಯ್ಯನವರ ಟಾರ್ಚೂ ಬಿಳೀದೇ. ನಿನ್ನೆ ಬಿದ್ದ ಬೆಳಕು ಕೆಂಪು ಕಿಟಕಿಗೆ ಮಾತ್ರ. ಹಸಿರು, ನೀಲಿ ಖಾಲಿ. ಕದಿಯೋಕೆ ಬಂದವನಿಗೆ ಯಾವ ಬಣ್ಣದ ಬೆಳಕಾದ್ರೇನು? ಅಲ್ಲೂ ಕೆಂಪು ದೀಪವನ್ನೇ ಹಚ್ಚೋರು ಈ ಕೆಲಸದವರು ಮಾತ್ರ. ಅವರಲ್ಲಿ ತಾರಸಿಯ ಕೀಲಿ ಇರೋದು ಒಬ್ಬರ ಹತ್ರ."

"ಯಾಕೆ ಅಂತ ಗೊತ್ತಾಗಿರ್ಲಿಲ್ಲ," ಎಂದು ಮುಂದುವರಿಸಿದಳು. "ಸ್ಟುಡಿಯೋದ ಗೋಡೆ ನೋಡಿದ ಮೇಲೆ ಗೊತ್ತಾಯ್ತು. ಹುಣ್ಣಿಮೆ ಹೊತ್ತಿಗೆ ಇವರು ನಿಮ್ಮ ಡಿಸ್ಕಲ್ಲಿ ಜಾಗ ಮಾಡಿದ್ರು. ತಮ್ಮ ಡಿಸ್ಕಲ್ಲಿ ಮಾಡೋ ಹಾಗೇ."

ಗೋಪೀನಾಥ ನಿಧಾನವಾಗಿ ಮಧುವಿನ ಕಡೆ ತಿರುಗಿದರು. ಅವನನ್ನು ಪೂರ್ತಿ ನೋಡಲು ಅವರು ತಲೆಯನ್ನೇ ತಿರುಗಿಸಬೇಕಿತ್ತು.

"ನೀಲಿ ಅಳಿಸಿಬಿಟ್ಯಾ ಮಧು?"

"ನಿಮ್ಮದು ಎರಡು ಬಣ್ಣದ ಫಿಲ್ಟರ್ ಅಂತ ನನಗೆ ಗೊತ್ತಿತ್ತು ಸಾರ್. ಕೈಗೆ ಗೊತ್ತಿರ್ಲಿಲ್ಲ. ಇಂದ್ರಕ್ಕ ಕೊಟ್ಟ ಕಾಫಿ ಕುಡೀತಾ ನನ್ನ ಪ್ರೋಗ್ರಾಂ ಓಡಿಸಿದೆ. ಶುಕ್ರವಾರ ನೀವು ಫೋನ್ ಮಾಡಿ, ಭಾನುವಾರ ನೀಲಿ ತೋರಿಸ್ತೀಯಲ್ಲ ಅಂದ್ರಿ. ಯಾವ ನೀಲಿ ಅಂತ ಒಂದು ಗಳಿಗೆ ಅರ್ಥ ಆಗ್ಲಿಲ್ಲ. ಆಮೇಲೆ ಆಯ್ತು." ಅವನು ಡಬ್ಬಿಯನ್ನು ಗೋಪೀನಾಥರ ಕಡೆ ಸರಿಸಿದ. "ನಿಮ್ಮ ಕಣ್ಣಿನ ವಿಷಯ ಗೊತ್ತಿದ್ದೂ ಹೇಗೆ ಹೇಳ್ಲಿ? ಕಳ್ಳ ಬಂದ ಅಂದ್ರೆ ನೀವು ಕಳ್ಳನ್ನ ಬೈಕೋತೀರಿ. ನಾನು ನನ್ನ ಕ್ಯಾಮೆರಾ ಕೊಟ್ಟು ಮತ್ತೆ ಶುರು ಮಾಡೋಣ ಅಂತಿದ್ದೆ."

"ಕಳ್ಳ ಯಾರಾಗ್ತಾನೆ ಅಂತ ಯೋಚಿಸಲಿಲ್ವಾ?" ಎಂದರು ಇಂದ್ರಮ್ಮ.

ಗೋಪೀನಾಥ ಎದ್ದು ಚಪ್ಪಲಿ ಹುಡುಕತೊಡಗಿದರು.

"ಎಲ್ಲಿಗೆ?" ಎಂದರು ಇಂದ್ರಮ್ಮ.

"ಠಾಣೆಗೆ. ಇವನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ಆಮೇಲೆ ಟೈಮ್ ಇದೆ. ಮೊದಲು ಆ ಹುಡುಗ ಮನೆಗೆ ಬರ್ಲಿ."

* * *

ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಎಫ್‌ಐಆರ್ ಇರಲಿಲ್ಲ. ವಸ್ತು ಸಿಕ್ಕಿದೆ, ತಿಳಿವಳಿಕೆಯ ತಪ್ಪಾಗಿತ್ತು ಎಂದು ಗೋಪೀನಾಥರು ಬರೆದುಕೊಟ್ಟ ಅರ್ಜಿ ಇತ್ತು. ಇನ್ಸ್‌ಪೆಕ್ಟರ್ ಗೊಣಗಿದರು, ಮಧುಕುಮಾರನಿಗೆ ನಾಲ್ಕು ಬಿರುಸಿನ ಮಾತು ಹೇಳಿದರು, ಸಹಿ ಹಾಕಿದರು. ಶಿವಯೋಗಿಯ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ.

ರಾಜೇಶ್ವರಿ ಮಧುಕುಮಾರನನ್ನು ಹಿಂದಿನ ಕೋಣೆಗೆ ಕರೆದೊಯ್ದಳು. ಇದೊಂದನ್ನು ಆಕೆ ಬಿಡುವವಳಲ್ಲ.

ಬೆಂಚಿನ ಮೇಲಿದ್ದ ರೇವಣಸಿದ್ದ ಎದ್ದು ನಿಂತ. ಮಧುಕುಮಾರ್ ನಡೆದದ್ದನ್ನೆಲ್ಲ ಹೇಳಿದ. "ತಪ್ಪಾಯ್ತು ಕಣಪ್ಪ. ನಿನ್ನ ಹೆಸರು ಬರುತ್ತೆ ಅಂತ ನನಗೆ ಹೊಳೀಲೇ ಇಲ್ಲ."

ರೇವಣಸಿದ್ದ ಅವನನ್ನು ನೋಡಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮಗ ಹೊಳೀಲಿಲ್ರಿ. ನನಗ ಮುನಿರಾಮಯ್ಯನವ್ರು ಬಾಗಲಾ ಬಡದಾಗ್ಲೇ ಹೊಳೀತು."

ಮಧುಕುಮಾರ್ ತಲೆ ತಗ್ಗಿಸಿದ. ಹೊರಗೆ ರೇವಣಸಿದ್ದನಿಗೆ ಬೈಕಿನ ಕೀಲಿ ಕೊಡುವಾಗ ರಾಜೇಶ್ವರಿ ಮೆಲ್ಲಗೆ ಹೇಳಿದಳು. "ನಿನ್ನ ಐಡಿದು ಏನೈತಿ ನೋಡೂಣು. ಕಂಪನಿ ಆಫೀಸಿಗೆ ನಾನೂ ಬರ್ತೀನಿ. ಇನ್ನೊಬ್ಬರ ಹೆಸರಿನ್ಯಾಗ ಭಾಳ ದಿನ ಓಡಾಡಬ್ಯಾಡ."

* * *

ಕೆಲವು ದಿನಗಳ ನಂತರ ಒಂದು ಸಂಜೆ ಇಂದ್ರಮ್ಮ ರಾಜೇಶ್ವರಿಯನ್ನು ಊಟಕ್ಕೆ ಕರೆದರು. ಮಧುಕುಮಾರ್ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಗೋಪೀನಾಥ ಅವನ ಜೊತೆ ಇನ್ನೂ ಪೂರ್ತಿ ಮಾತಾಡುತ್ತಿರಲಿಲ್ಲ. ಬೇಕಾದ್ದನ್ನು ಮಾತ್ರ ಕೇಳುತ್ತಿದ್ದರು. ಮೇಲೆ ಕಂಬದ ದೀಪಕ್ಕೆ ಮುನಿರಾಮಯ್ಯ ಬೀದಿಯ ಕಡೆಗಷ್ಟೇ ಬೆಳಕು ಬೀಳುವಂತೆ ತಗಡಿನ ಮರೆ ಹಾಕಿಸಿದ್ದರು. ಯಾಕೆಂದು ಯಾರಿಗೂ ಹೇಳಿರಲಿಲ್ಲ.

"ಡಿಸ್ಕಲ್ಲಿ ಎರಡು ಚಳಿಗಾಲದ ಕೆಂಪು ಹಾಗೇ ಇತ್ತು ಮೇಡಂ," ಎಂದ ಮಧುಕುಮಾರ್. "ನೀಲಿಗೆ ಆ ಒಂದು ವಾರದ ಪ್ರತಿಗಳು. ಆಮೇಲಿನ ರಾತ್ರಿಗಳದ್ದು ಸೇರಿಸಿದ್ದೀವಿ. ಸ್ವಲ್ಪ ಒರಟಾಗಿದೆ."

ಪರದೆಯ ತುಂಬ ಹೂವಿತ್ತು. ದಳಗಳ ಕೆಂಪು ನುಣುಪಾಗಿತ್ತು. ನಡುವಿನ ನೀಲಿ ಕಾಳುಕಾಳಾಗಿತ್ತು, ಆದರೂ ಅಲ್ಲಿತ್ತು. ಗೋಪೀನಾಥ ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ಉಳಿದ ಕಣ್ಣಿನಿಂದ ಅದನ್ನು ಅಂಚಿನಿಂದ ಅಂಚಿಗೆ ಮೆಲ್ಲಗೆ ನೋಡಿದರು.

"ನಿನ್ನೆ ಆ ಕೆಂಪು ಬಿದ್ದು ಹಾಳಾದ ಫೋಟೊ ಅಳಿಸೋಣ್ವಾ ಅಂದ ಇವನು," ಎಂದರು. "ಅದನ್ನ ಮಾತ್ರ ಮುಟ್ಟಬೇಡ ಅಂದೆ."

ಪರದೆಯ ಮೂಲೆಯಲ್ಲಿ ಇವತ್ತಿನ ಫೋಟೊಗಳು ಒಂದೊಂದಾಗಿ ಬರುತ್ತಿದ್ದವು. ನಕ್ಷತ್ರ. ಮತ್ತೆ ನಕ್ಷತ್ರ. ಆಮೇಲೆ ತೆಳುವಾದ ಮೋಡ. ಮುಂದಿನ ಫೋಟೊ ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು. ನಾಲ್ಕೂ ಕಿಟಕಿಗಳು ತುಂಬಿಹೋಗಿದ್ದವು.

ಗೋಪೀನಾಥ ಅಡುಗೆಮನೆಯ ಕಡೆ ತಿರುಗಿ ಕೂಗಿದರು.

"ಇಂದ್ರಾ, ಇನ್ನೊಂದು ತಟ್ಟೆ ಹಾಕು. ರೇವಣಸಿದ್ದ ಬಂದ."